ಟಿಕ್ ಕಾಯಿಲೆಗೆ ಗಾಂಜಾ ಔಷಧ: ಆರೋಗ್ಯ ಸಚಿವರಿಗೆ ಶಿರಾ ತಾಲ್ಲೂಕಿನ ಮೇಷ್ಟರೊಬ್ಬರ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಪತ್ರದ ತಲೆಬರಹ ಓದಿದ ಕೂಡಲೇ ನಿಮ್ಮ ಕಚೇರಿಯ ಟಪಾಲು ವಿಭಾಗದವರು ಇದನ್ನು ಗೃಹ ಇಲಾಖೆಗೆ ರವಾನಿಸಿಬಿಡುವ ಸಂಭವವಿದೆ. ದಯವಿಟ್ಟು ಹಾಗೆ ಮಾಡುವುದು ಬೇಡ. ನಾನು ಬರೆಯುತ್ತಿರುವುದು ಔಷಧದ ವಿಚಾರ. ಅದು ನಿಮ್ಮದೇ ಇಲಾಖೆಗೆ ಸೇರಿದ್ದು.

ನನ್ನ ಕೋರಿಕೆ ಇಷ್ಟು. ಬೇರೆ ಯಾವ ಚಿಕಿತ್ಸೆಗೂ ಬಗ್ಗದ ಟಿಕ್ ಕಾಯಿಲೆ (ಅಂಗಗಳು ತಾನಾಗಿ ಅಲುಗುವ, ಗಂಟಲು ತಾನಾಗಿ ಸದ್ದು ಮಾಡುವ ಕಾಯಿಲೆ) ಇರುವ ವಯಸ್ಕರಿಗೆ ಗಾಂಜಾ ಮೂಲದ ಔಷಧದಿಂದ ಉಪಯೋಗವಿದೆಯೇ ಎಂಬುದನ್ನು ನಮ್ಮ ರಾಜ್ಯದಲ್ಲಿಯೇ, ವೈದ್ಯರ ನಿಗಾದಲ್ಲಿ, ಕ್ರಮಬದ್ಧವಾಗಿ ಪರೀಕ್ಷಿಸಲು ಸರ್ಕಾರ ಮುಂದೆ ನಿಂತು ವ್ಯವಸ್ಥೆ ಮಾಡಬೇಕು. ಆ ಪರೀಕ್ಷೆ ಮುಗಿದು ಫಲಿತಾಂಶ ಬರುವ ತನಕ, ಅದೇ ಗಿಡದ ಎಣ್ಣೆಯನ್ನು ಮಕ್ಕಳ ಟಿಕ್‌ಗೆ ರಾಮಬಾಣವೆಂದು ಮಾರುವವರ ಬಾಯಿ ಮುಚ್ಚಿಸಬೇಕು. ಇವೆರಡೂ ಒಟ್ಟಿಗೆ ಆಗಬೇಕಾದ ಕೆಲಸಗಳು. ಪರೀಕ್ಷೆಯೇ ನಡೆಯದ ಕಡೆ ಮಾರಾಟಗಾರನ ಮಾತೇ ವೇದವಾಗುತ್ತದೆ.

ನಾನು ಶಿರಾ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನಗೆ ಟುರೆಟ್ ಸಿಂಡ್ರೋಮ್ ಇದೆ. ಪ್ರಾಥಮಿಕ ಶಾಲೆಯಲ್ಲಿದ್ದಾಗ ಕಣ್ಣು ಪಟಪಟನೆ ಮಿಟುಕಿಸುವುದರಿಂದ ಶುರುವಾಯಿತು. ಆಮೇಲೆ ಕತ್ತು ಒಂದು ಪಕ್ಕಕ್ಕೆ ಜಗ್ಗತೊಡಗಿತು. ಹೈಸ್ಕೂಲಿಗೆ ಬರುವ ಹೊತ್ತಿಗೆ ಗಂಟಲಿನಿಂದ ‘ಹ್ಞೂಂ’ ಎಂಬ ಸದ್ದು ತಾನಾಗಿ ಹೊರಡುತ್ತಿತ್ತು, ಈಗಲೂ ಹೊರಡುತ್ತದೆ. ಮಕ್ಕಳು ನನಗಿಟ್ಟಿರುವ ಹೆಸರು ‘ಹ್ಞೂಂ ಮೇಷ್ಟ್ರು’. ಶಾಲೆಯಲ್ಲಿ ಚಲಾವಣೆಯಲ್ಲಿರುವ ಅಡ್ಡಹೆಸರುಗಳ ಪೈಕಿ ಇದು ಬಹಳ ಮರ್ಯಾದೆಯದ್ದು, ಹಾಗಾಗಿ ನನಗೆ ಬೇಸರವಿಲ್ಲ. ತೊಂದರೆಯಾಗುವುದು ಸಿಬ್ಬಂದಿ ಸಭೆಯಲ್ಲಿ. ಭಾನುವಾರದ ಕೆಲಸಕ್ಕೆ ಯಾರು ಬರುತ್ತೀರಿ ಎಂದು ಮುಖ್ಯೋಪಾಧ್ಯಾಯರು ಕೇಳಿದ ಗಳಿಗೆಯಲ್ಲೇ ನನ್ನ ಗಂಟಲು ಹ್ಞೂಂ ಎಂದುಬಿಡುತ್ತದೆ.

ಟಿಕ್ ಎಂದರೇನೆಂದು ತಿಳಿಯದವರಿಗಾಗಿ ಎರಡು ಮಾತು. ಇದ್ದಕ್ಕಿದ್ದಂತೆ, ಮತ್ತೆ ಮತ್ತೆ, ಗೊತ್ತುಗುರಿಯಿಲ್ಲದೆ ಆಗುವ ಅಂಗಚಲನೆ ಅಥವಾ ಹೊರಡುವ ಸದ್ದು ಅದು. ಹಲವು ಬಗೆಯ ಚಲನೆಗಳೂ ಕನಿಷ್ಠ ಒಂದು ಸದ್ದೂ ಸೇರಿ, 18 ವರ್ಷದೊಳಗೆ ಶುರುವಾಗಿ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದರೆ ಅದಕ್ಕೆ ಟುರೆಟ್ ಎನ್ನುತ್ತಾರೆ. 1885ರಲ್ಲಿ ಒಂಬತ್ತು ರೋಗಿಗಳ ವಿವರ ಬರೆದ ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ದ ಲ ಟುರೆಟ್ ಅವರಿಂದ ಬಂದ ಹೆಸರು. ಸೀನು ಬರುವ ಮುನ್ನ ಮೂಗಿನೊಳಗೆ ಕಚಗುಳಿ ಏಳುತ್ತದಲ್ಲ, ಟಿಕ್‌ಗೂ ಮುನ್ನ ಅಂಥದ್ದೊಂದು ಒತ್ತಡ ಏಳುತ್ತದೆ. ಸ್ವಲ್ಪ ಹೊತ್ತು ತಡೆಹಿಡಿಯಬಹುದು, ಹಿಡಿದಷ್ಟೂ ಒತ್ತಡ ಏರುತ್ತದೆ. ಹೀಗೆ ಕೆಲ ನಿಮಿಷ ತಡೆದುಕೊಳ್ಳಲು ಸಾಧ್ಯವಿರುವುದೇ ನಮ್ಮಂಥವರಿಗೆ ಮುಳುವಾಗಿದೆ. ‘ಸಾಹೇಬರು ಬಂದಾಗ ಸುಮ್ಮನಿದ್ದೆಯಲ್ಲ, ಈಗೇನು ಬಂತು?’ ಎಂಬ ಪ್ರಶ್ನೆ ಕಿವಿಗೆ ಬೀಳದ ಟುರೆಟ್ ಮಗು ಈ ಜಿಲ್ಲೆಯಲ್ಲಿ ಇರಲಾರದು.

ಸಿನಿಮಾಗಳಲ್ಲಿ ತೋರಿಸುವಂತೆ ಟುರೆಟ್ ಇದ್ದವರೆಲ್ಲ ಕೆಟ್ಟ ಮಾತು ಕೂಗುವುದಿಲ್ಲ. ಹತ್ತರಲ್ಲಿ ಒಬ್ಬರಿಗೋ ಸ್ವಲ್ಪ ಹೆಚ್ಚು ಮಂದಿಗೋ ಆ ಲಕ್ಷಣವಿರುತ್ತದೆ. ಉಳಿದವರದು ಕಣ್ಣು, ಭುಜ, ಕತ್ತು, ಗಂಟಲು. ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಉಲ್ಬಣಿಸಿ, ಬಹುಪಾಲು ಮಕ್ಕಳಲ್ಲಿ ಹರೆಯ ದಾಟುವಷ್ಟರಲ್ಲಿ ಇಳಿಯುತ್ತದೆ. ಶಾಲಾ ಮಕ್ಕಳಲ್ಲಿ ನೂರಕ್ಕೆ ಅರ್ಧದಿಂದ ಒಂದರಷ್ಟು ಮಂದಿಗೆ ಟುರೆಟ್ ಇರುತ್ತದೆಂಬುದು ಜಗತ್ತಿನ ಹಲವು ಕಡೆಯ ಲೆಕ್ಕ. ಅದನ್ನು ತುಮಕೂರು ಜಿಲ್ಲೆಗೆ ಅನ್ವಯಿಸಿದರೆ, ಸಾಧಾರಣ ದೊಡ್ಡ ಶಾಲೆ ಎನಿಸಿದ ಕಡೆಯಲ್ಲೆಲ್ಲ ಒಂದೆರಡು ಮಕ್ಕಳು ಇದ್ದೇ ಇರಬೇಕು. ಅವರು ಆಸ್ಪತ್ರೆಯ ಹೊರರೋಗಿ ಪುಸ್ತಕದಲ್ಲಿ ಸಿಗುವುದಿಲ್ಲ. ಕಣ್ಣು ಮಿಟುಕಿಸುವ ಮಗುವನ್ನು ಕಣ್ಣಿನ ವೈದ್ಯರ ಬಳಿಗೆ ಒಯ್ಯುತ್ತಾರೆ, ಗಂಟಲು ಕೆರೆಯುವ ಮಗುವಿಗೆ ಕೆಮ್ಮಿನ ಸಿರಪ್ ಕುಡಿಸುತ್ತಾರೆ, ಎರಡರಿಂದಲೂ ಹೋಗದಿದ್ದರೆ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತಾರೆ. ತಾಯತದಿಂದ ಕೆಡುಕೇನಿಲ್ಲ. ಕೆಡುಕಾಗುವುದು ಬೆತ್ತದಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದ್ದರೂ ನನ್ನ ವೃತ್ತಿಬಾಂಧವರಲ್ಲಿ ಕೆಲವರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಈಗಿರುವ ಚಿಕಿತ್ಸೆಗಳ ಮಾತಿಗೆ ಬರುತ್ತೇನೆ. ಅವು ಸಾಕಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಮೊದಲನೆಯದು ವರ್ತನಾ ಚಿಕಿತ್ಸೆ. ಟಿಕ್‌ಗೂ ಮುಂಚೆ ಏಳುವ ಒತ್ತಡವನ್ನು ಗುರುತಿಸುವುದನ್ನು ಕಲಿಸಿ, ಆ ಹೊತ್ತಿಗೆ ಟಿಕ್‌ಗೆ ಎದುರಾದ ಬೇರೊಂದು ಚಲನೆಯನ್ನು ಮಾಡಿಸುತ್ತಾರೆ. ಕತ್ತು ಜಗ್ಗುವವನಿಗೆ ಗದ್ದವನ್ನು ಮೆಲ್ಲನೆ ತಗ್ಗಿಸಿ ಹಿಡಿಯಲು ಹೇಳಿಕೊಡುತ್ತಾರೆ. ಮಾತ್ರೆಯಿಲ್ಲ, ಅಡ್ಡಪರಿಣಾಮವಿಲ್ಲ. 2010ರಲ್ಲಿ ಅಮೆರಿಕದಲ್ಲಿ 126 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಈ ತರಬೇತಿ ಪಡೆದವರಲ್ಲಿ ನೂರಕ್ಕೆ 52ಕ್ಕೂ ಹೆಚ್ಚು ಮಂದಿ ಗಮನಾರ್ಹವಾಗಿ ಸುಧಾರಿಸಿದರು. ಬರೀ ತಿಳಿವಳಿಕೆ ಮತ್ತು ಸಾಂತ್ವನ ಪಡೆದ ಗುಂಪಿನಲ್ಲಿ ಸುಧಾರಿಸಿದವರು ನೂರಕ್ಕೆ 18ರ ಆಸುಪಾಸು. ಇದನ್ನು ಬಲ್ಲ ಮನಶ್ಶಾಸ್ತ್ರಜ್ಞರನ್ನು ಹುಡುಕಿ ನಾನು ಬೆಂಗಳೂರಿಗೇ ಹೋಗಬೇಕಾಯಿತು. ಅಲ್ಲಿ ಸಿಕ್ಕಿದ ಅಭ್ಯಾಸದ ಹಾಳೆಗಳು ಇಂಗ್ಲಿಷಿನಲ್ಲಿದ್ದವು. ನಾನು ಓದಿಕೊಂಡೆ. ನನ್ನ ವಿದ್ಯಾರ್ಥಿಯ ತಾಯಿ ಓದಿಕೊಳ್ಳಲಾರರು.

ಎರಡನೆಯದು ಮಾತ್ರೆ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಅರಿಪಿಪ್ರಜೋಲ್, ಕ್ಲೋನಿಡಿನ್. ಹಲವರಿಗೆ ಇವುಗಳಿಂದ ನಿಜವಾದ ಅನುಕೂಲವಾಗಿದೆ. ಯಾರೂ ಈ ಪತ್ರ ಓದಿ ತಮ್ಮ ಮಾತ್ರೆ ಬಿಡಬಾರದು. ನನ್ನ ಮಟ್ಟಿಗೆ ಹ್ಯಾಲೊಪೆರಿಡಾಲ್ ಟಿಕ್ ಅನ್ನು ತಗ್ಗಿಸಿತು, ನನ್ನನ್ನೂ ತಗ್ಗಿಸಿತು. ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗುತ್ತಿತ್ತು. ಮಧ್ಯಾಹ್ನದ ಪಿರಿಯಡ್ಡಿನಲ್ಲಿ ಮಕ್ಕಳಿಗಿಂತ ಮೊದಲು ನನಗೆ ತೂಕಡಿಕೆ. ಆಮೇಲೆ ಬಂದ ಅರಿಪಿಪ್ರಜೋಲ್ ಎಷ್ಟೋ ಮೇಲು, ಆದರೆ ಅದರ ಜೊತೆ ಹಸಿವೂ ಬಂತು, ಅಂಗಿಗಳೆಲ್ಲ ಬಿಗಿಯಾದವು. ಇದಾದ ಮೇಲೂ ಉಳಿದುಕೊಂಡ ಟಿಕ್ ಕತ್ತಿನ ಮೂಳೆಯನ್ನು ಸವೆಸುತ್ತ ಬಂದಿದೆ. ನನ್ನಂತೆ ಎಲ್ಲ ಬಾಗಿಲು ತಟ್ಟಿ ಬಂದ ವಯಸ್ಕರು ಸಂಖ್ಯೆಯಲ್ಲಿ ಕಡಿಮೆ ಇರಬಹುದು. ಗಾಂಜಾ ಔಷಧದ ಪ್ರಶ್ನೆ ಎದ್ದಿರುವುದು ನಮ್ಮ ವಿಚಾರದಲ್ಲಿ, ಮಕ್ಕಳ ವಿಚಾರದಲ್ಲಲ್ಲ.

ಗಾಂಜಾ ಗಿಡದ ಔಷಧಗುಣದ ಮಾತು ನಮ್ಮಲ್ಲಿ ಹೊಸದಲ್ಲ. ಆಯುರ್ವೇದ ಅದನ್ನು ವಿಜಯಾ ಎಂದು ಕರೆದು, ಶುದ್ಧಿ ಮಾಡಿದ ಮೇಲಷ್ಟೇ ಬಳಸಬೇಕೆಂದು ವಿಧಿಸಿದೆ. 1839ರ ಹೊತ್ತಿಗೆ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದ ಓಶಾನೆಸ್ಸಿ ಎಂಬ ಐರಿಷ್ ವೈದ್ಯ, ಇಲ್ಲಿನವರಿಂದ ಕೇಳಿ ತಿಳಿದು, ಅದರ ಸಾರವನ್ನು ಧನುರ್ವಾಯು ರೋಗಿಗಳಿಗೂ ಸೆಳವಿನಿಂದ ನರಳುತ್ತಿದ್ದ ಎಳೆಗೂಸಿಗೂ ಕೊಟ್ಟು ನೋಡಿ ಬರೆದಿಟ್ಟ. ಯುರೋಪಿನ ಔಷಧ ಅಂಗಡಿಗಳಿಗೆ ಗಾಂಜಾ ಸಾರ ಹೋದದ್ದು ಆ ದಾರಿಯಲ್ಲಿ. ಇವತ್ತು ಅಲ್ಲಿಂದ ನಾವು ಅಧ್ಯಯನಗಳನ್ನು ಎರವಲು ತರಬೇಕಾಗಿದೆ!

ಟಿಕ್‌ಗೂ ಈ ಗಿಡಕ್ಕೂ ನಂಟು ಇರಬಹುದೆಂಬ ಊಹೆಗೆ ಶರೀರಶಾಸ್ತ್ರದ ಆಧಾರವಿದೆ. ಮಿದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗವಿದೆ. ಯಾವ ಚಲನೆ ನಡೆಯಬೇಕು, ಯಾವುದನ್ನು ತಡೆಯಬೇಕು ಎಂಬ ತೀರ್ಮಾನದಲ್ಲಿ ಅದರ ಪಾತ್ರ ದೊಡ್ಡದು. ಟುರೆಟ್‌ನಲ್ಲಿ ಏರುಪೇರಾಗಿರುವುದು ಈ ತಡೆಯ ಕೆಲಸ. ಗಾಂಜಾದ ಮುಖ್ಯ ರಾಸಾಯನಿಕವಾದ ಟಿಎಚ್‌ಸಿ ಹೋಗಿ ಕೂರುವ ಗ್ರಾಹಕಗಳು ಮಿದುಳಿನಲ್ಲಿ ಅತಿ ದಟ್ಟವಾಗಿರುವ ಜಾಗಗಳಲ್ಲಿ ಅದೂ ಒಂದು. ಹಾಗಾದರೆ ಔಷಧ ಕೆಲಸ ಮಾಡಲೇಬೇಕಲ್ಲ ಎಂದು ಕೇಳಿದರೆ, ಇಲ್ಲ. ವಿಜ್ಞಾನದ ಮೇಷ್ಟರಾಗಿ ಮಕ್ಕಳಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಊಹೆ ಚೆನ್ನಾಗಿದ್ದ ಮಾತ್ರಕ್ಕೆ ಪ್ರಯೋಗ ಮಾಡದೆ ಅಂಕ ಕೊಡುವಂತಿಲ್ಲ.

ಪ್ರಯೋಗಗಳು ಏನು ಹೇಳಿವೆ? 1988ರಲ್ಲಿ ಇಬ್ಬರು ವೈದ್ಯರು, ಗಾಂಜಾ ಸೇದಿದಾಗ ಟಿಕ್ ಇಳಿಯುತ್ತದೆಂದು ಹೇಳಿದ ಮೂವರು ರೋಗಿಗಳ ವಿವರ ಪ್ರಕಟಿಸಿದರು. ಜರ್ಮನಿಯ ಹ್ಯಾನೋವರ್‌ನಲ್ಲಿ ಕಿರ್ಸ್ಟೆನ್ ಮ್ಯೂಲರ್-ವಾಲ್ ಎಂಬ ಮನೋವೈದ್ಯೆಯ ತಂಡ ಅದನ್ನು ಕೈಬಿಡದೆ ಹಿಡಿದುಕೊಂಡಿತು. 2002ರಲ್ಲಿ 12 ವಯಸ್ಕರಿಗೆ ಒಂದೇ ಡೋಸ್ ಟಿಎಚ್‌ಸಿ, 2003ರಲ್ಲಿ 24 ಮಂದಿಗೆ ಆರು ವಾರ ದಿನಕ್ಕೆ 10 ಮಿಲಿಗ್ರಾಂವರೆಗೆ. ಟಿಕ್ ಇಳಿದ ಸೂಚನೆ ಕಂಡಿತು. 2009ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಇವನ್ನೆಲ್ಲ ಜರಡಿ ಹಿಡಿದು, ಜನ ತೀರಾ ಕಡಿಮೆ, ಬದಲಾವಣೆ ಚಿಕ್ಕದು, ಇಷ್ಟರಿಂದ ಏನನ್ನೂ ಶಿಫಾರಸು ಮಾಡಲಾಗದು ಎಂದಿತು. ಸರಿಯಾದ ಮಾತೇ.

2023ರಲ್ಲಿ ಎರಡು ಫಲಿತಾಂಶಗಳು ಬಂದವು. ಆಸ್ಟ್ರೇಲಿಯಾದಲ್ಲಿ ತೀವ್ರ ಟುರೆಟ್ ಇದ್ದ 22 ಮಂದಿಗೆ ಟಿಎಚ್‌ಸಿ ಮತ್ತು ಗಾಂಜಾದ ಇನ್ನೊಂದು ರಾಸಾಯನಿಕವಾದ ಸಿಬಿಡಿ ಸಮಪ್ರಮಾಣದಲ್ಲಿದ್ದ ಎಣ್ಣೆಯನ್ನು ಆರು ವಾರ, ಔಷಧವಿಲ್ಲದ ತದ್ರೂಪಿ ಎಣ್ಣೆಯನ್ನು ಇನ್ನಾರು ವಾರ ಕೊಟ್ಟರು. ಯಾವಾಗ ಯಾವುದೆಂದು ರೋಗಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ಟಿಕ್ ಎಷ್ಟು ತೀವ್ರವೆಂದು ಅಳೆಯುವ 50 ಅಂಕಗಳ ಯೇಲ್ ಮಾಪಕದಲ್ಲಿ ಔಷಧದಿಂದ ಸರಾಸರಿ 8.9 ಅಂಕ ಇಳಿಯಿತು, ತದ್ರೂಪಿಯಿಂದ 2.5. ಕತ್ತು ನೋವಿನಲ್ಲಿ ರಾತ್ರಿ ಕಳೆಯುವವನಿಗೆ ಇದು ಸಣ್ಣ ಅಂತರವಲ್ಲ. ಔಷಧ ಪಡೆದಾಗ ಯೋಚನೆ ನಿಧಾನವಾಯಿತು, ಮರೆವು ಬಂತು, ಗಮನ ನಿಲ್ಲಲಿಲ್ಲ ಎಂದು ಹೇಳಿದವರೂ ಅದೇ ಅಧ್ಯಯನದಲ್ಲಿದ್ದಾರೆ. ಜರ್ಮನಿಯದು ಇನ್ನೂ ದೊಡ್ಡದು: 97 ವಯಸ್ಕರು, 13 ವಾರ, ಬಾಯಿಗೆ ಸಿಂಪಡಿಸುವ ನಾಬಿಕ್ಸಿಮಾಲ್ಸ್ ಎಂಬ ಗಾಂಜಾ ಸಾರದ ಔಷಧ. ಟಿಕ್ ಕಾಲುಭಾಗದಷ್ಟಾದರೂ ಇಳಿಯಬೇಕೆಂಬುದು ಮೊದಲೇ ಗೊತ್ತುಪಡಿಸಿದ ಗುರಿ. ಔಷಧ ಪಡೆದ 64 ಮಂದಿಯಲ್ಲಿ 14 ಜನ ಆ ಗುರಿ ಮುಟ್ಟಿದರು, ತದ್ರೂಪಿ ಪಡೆದ 33ರಲ್ಲಿ ಮೂವರು. ಪ್ರಮಾಣದಲ್ಲಿ ನೋಡಿದರೆ ಎರಡು ಪಟ್ಟಿಗೂ ಹೆಚ್ಚು. ಆದರೆ ಇಷ್ಟು ಕಡಿಮೆ ಜನರಲ್ಲಿ ಇಂಥ ಅಂತರ ಆಕಸ್ಮಿಕವಾಗಿಯೂ ಬರಬಹುದಾದ್ದರಿಂದ, ಲೆಕ್ಕದ ಪ್ರಕಾರ ಅಧ್ಯಯನ ತನ್ನ ಗುರಿ ತಲುಪಲಿಲ್ಲ. ಸಂಶೋಧಕರು ಅದನ್ನು ಮುಚ್ಚಿಡದೆ ಬರೆದರು.

ಹೀಗಾಗಿ ಒಂದು ಕಡೆ ಹೌದು, ಇನ್ನೊಂದು ಕಡೆ ಬಹುಶಃ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದೇ ಎಚ್ಚರಿಕೆಯ ಧಾಟಿಯದು. ಬೇರೆ ಚಿಕಿತ್ಸೆಗೆ ಬಗ್ಗದ ವಯಸ್ಕರಿಗೆ, ಕಾನೂನು ಒಪ್ಪುವ ಕಡೆ, ಪರಿಗಣಿಸಬಹುದು. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಮನೋವಿಕಲತೆ ಇರುವವರಿಗೆ ಬೇಡ.

ಇಷ್ಟು ಅಡ್ಡಗೋಡೆಯ ಮೇಲಿನ ದೀಪದಂಥ ಫಲಿತಾಂಶಕ್ಕೆ ಸರ್ಕಾರ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ನಿಮ್ಮ ಕಾರ್ಯದರ್ಶಿಗಳು ಟಿಪ್ಪಣಿ ಬರೆದಾರು. ನನ್ನ ಉತ್ತರ, ಟಿಕ್‌ನ ಸ್ವಭಾವದಲ್ಲೇ ಇದೆ. ಟಿಕ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಕೆಲವು ವಾರ ಏರುತ್ತದೆ, ಕೆಲವು ವಾರ ಇಳಿಯುತ್ತದೆ. ಪರೀಕ್ಷೆ, ಮದುವೆ, ಊರಹಬ್ಬ ಬಂದರೆ ಏರುತ್ತದೆ. ಜನ ಔಷಧ ಹುಡುಕಿಕೊಂಡು ಹೊರಡುವುದು ತುಂಬ ಏರಿದಾಗ. ಆಮೇಲೆ ಅದು ತಾನಾಗಿ ಇಳಿಯಬೇಕಾದದ್ದೇ. ಆ ನಡುವೆ ಏನನ್ನು ನುಂಗಿದ್ದರೂ ಅದಕ್ಕೇ ಕೀರ್ತಿ. ನನ್ನ ಅಜ್ಜಿ ಕಟ್ಟಿಸಿದ ತಾಯತಕ್ಕೆ ಬಂದ ಕೀರ್ತಿಯೂ ಇದೇ ಬಗೆಯದು, ಮೊಬೈಲಿನಲ್ಲಿ ಓಡಾಡುವ ವಿಡಿಯೊಗಳ ಕೀರ್ತಿಯೂ ಇದೇ ಬಗೆಯದು. ಹಾಗಾಗಿ ಒಬ್ಬೊಬ್ಬರ ಅನುಭವವನ್ನು ಎಷ್ಟು ಕೂಡಿಸಿದರೂ ಸತ್ಯ ಸಿಗುವುದಿಲ್ಲ. ಎರಡು ಗುಂಪು, ಎರಡು ಸೀಸೆ, ಯಾವುದರಲ್ಲಿ ಏನಿದೆಯೆಂದು ತಿಳಿಯದ ರೋಗಿ, ತಿಳಿಯದ ವೈದ್ಯ. ಈ ಕಾಯಿಲೆಯ ಮಟ್ಟಿಗೆ ಬೇರೆ ದಾರಿಯೇ ಇಲ್ಲ.

ಕಳೆದ ವರ್ಷ ಎಂಟನೇ ತರಗತಿಯ ಹುಡುಗನೊಬ್ಬನ ತಂದೆ ಶಾಲೆಗೆ ಬಂದಿದ್ದರು. ಕಡಲೆಕಾಯಿ ಬೆಳೆಯುವ ರೈತ. ಮಗನದು ಭುಜ ಕುಣಿಸುವ ಟಿಕ್, ಜೊತೆಗೆ ಮೂಗು ಸೊರಗುಟ್ಟಿಸುವುದು. ‘ಮೇಷ್ಟ್ರೇ, ನಿಮಗೂ ಇದೇ ಇದೆಯಲ್ಲ, ಈ ಎಣ್ಣೆ ತರಿಸಲೇ?’ ಎಂದು ಮೊಬೈಲ್ ಮುಂದೆ ಹಿಡಿದರು. ಹೊರದೇಶದ ಯಾರೋ ಒಬ್ಬರ ಮೈಯೆಲ್ಲ ಕುಣಿಯುತ್ತಿರುತ್ತದೆ, ಏನನ್ನೋ ಸೇದುತ್ತಾರೆ, ಕೆಲವೇ ನಿಮಿಷದಲ್ಲಿ ಎಲ್ಲವೂ ಶಾಂತ. ಅದರ ಕೆಳಗೆ ಇಲ್ಲಿನ ಯಾವುದೋ ಎಣ್ಣೆಯ ಜಾಹೀರಾತು. ಬೆಲೆ ಕೇಳಿದರೆ ಒಂದು ಸೀಸೆಗೆ ಅವರ ಮನೆಯ ತಿಂಗಳ ಖರ್ಚು. ಬೇಡವೆಂದೆ. ಕಾರಣಗಳನ್ನೂ ಹೇಳಿದೆ. ಅವರ ಹುಡುಗನ ವಯಸ್ಸಿನಲ್ಲಿ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ ಸುಮಾರು 45,000 ಯುವಕರನ್ನು 15 ವರ್ಷ ಹಿಂಬಾಲಿಸಿ 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 18ರ ಹೊತ್ತಿಗೆ 50ಕ್ಕೂ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಕಾಣಿಸಿಕೊಂಡ ಪ್ರಮಾಣ ಸೇದದವರಿಗಿಂತ ಆರು ಪಟ್ಟು. ಗಾಂಜಾವೊಂದೇ ಕಾರಣವೇ ಎಂಬ ಬಗ್ಗೆ ತಜ್ಞರಲ್ಲಿ ಚರ್ಚೆಯಿದ್ದರೂ ಬೆಳೆಯುವ ಮಗುವಿನ ಮೇಲೆ ಜೂಜಾಡಲು ಯಾರಿಗೂ ಹಕ್ಕಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಹುಡುಗನ ಟಿಕ್ ತಾನಾಗಿ ಇಳಿಯುವ ಸಾಧ್ಯತೆಯೇ ಹೆಚ್ಚು.

ಅವರು ಕೇಳಿಕೊಂಡು ಹೋದರು. ಅವರ ಕೊನೆಯ ಪ್ರಶ್ನೆಗೆ ಮಾತ್ರ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ: ‘ಎಣ್ಣೆ ಬೇಡ ಅಂದರೆ ಏನು ಬೇಕು, ಎಲ್ಲಿ ಸಿಗುತ್ತದೆ, ಹೇಳಿ.’

ಇಂಥ ಎಣ್ಣೆಗಳ ಬಗ್ಗೆ ಕಾನೂನು ಮೌನವಾಗಿಲ್ಲ. ಗಾಂಜಾ ಗಿಡದ ಎಲೆ, ಅಂದರೆ ಭಂಗಿ ಸೊಪ್ಪು, 1985ರ ಮಾದಕ ವಸ್ತು ಕಾಯ್ದೆಯ ವ್ಯಾಖ್ಯಾನದಿಂದ ಹೊರಗಿದೆ. ಹೂವಿನ ತುದಿ ಒಳಗಿದೆ. ಎಲೆಯಿಂದ ಆಯುರ್ವೇದ ಔಷಧ ತಯಾರಿಸಲು ಪರವಾನಗಿ ಸಿಗುವುದು ಈ ಸಂದಿಯಲ್ಲಿ. ಆದರೆ ಔಷಧ ನಿಯಮಗಳ ಇ-1 ಅನುಸೂಚಿ ಅದನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟು, ವೈದ್ಯರ ನಿಗಾದಲ್ಲಷ್ಟೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಲೇಬಲ್ ಮೇಲೆ ಮುದ್ರಿಸಲು ಹೇಳುತ್ತದೆ. 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಅನುಸೂಚಿಯಲ್ಲಿ ಮಿದುಳಿನ ಕಾಯಿಲೆಗಳು ಸೇರಿವೆ. ಅವನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದೇ ಅಪರಾಧ. ಹೊಸ ಕಾನೂನು ಬೇಡ. ಇರುವುದನ್ನು ಓದುವ ಒಬ್ಬ ಅಧಿಕಾರಿ ಸಾಕು.

ಪರೀಕ್ಷೆ ನಡೆಸುವುದಕ್ಕೂ ಕಾನೂನಿನ ಅಡ್ಡಿಯಿಲ್ಲವೆಂದರೆ ಹಲವರು ನಂಬುವುದಿಲ್ಲ. ಪತ್ರಿಕೆಗಳಲ್ಲಿ ಓದುವುದು ಬರೀ ದಾಳಿ, ಜಪ್ತಿ, ಬಂಧನ. ನಮ್ಮ ಗಡಿ ತಾಲ್ಲೂಕುಗಳ ಪೊಲೀಸರಿಗಂತೂ ಆ ಕೆಲಸ ತಪ್ಪಿದ್ದಿಲ್ಲ, ಅವರು ಅದನ್ನು ಮಾಡಲಿ. ಆದರೆ ಅದೇ 1985ರ ಕಾಯ್ದೆಯ 8ನೇ ಸೆಕ್ಷನ್ ಎಲ್ಲವನ್ನೂ ನಿಷೇಧಿಸುವಾಗ ‘ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಗಳನ್ನು ಹೊರತುಪಡಿಸಿ’ ಎನ್ನುತ್ತದೆ. 2ನೇ ಸೆಕ್ಷನ್ನಿನಲ್ಲಿ ಔಷಧೀಯ ಗಾಂಜಾ ಎಂಬುದಕ್ಕೆ ಪ್ರತ್ಯೇಕ ವ್ಯಾಖ್ಯಾನವೇ ಇದೆ. 10ನೇ ಸೆಕ್ಷನ್ ಈ ಗಿಡದ ಬೆಳೆಗೆ, ಸಾಗಾಟಕ್ಕೆ ಅನುಮತಿ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರದ ಕೈಗೇ ಕೊಟ್ಟಿದೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಗಾಂಜಾವನ್ನು 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ತೆಗೆದಾಗ, 27ಕ್ಕೆ 25 ಮತಗಳ ಆ ತೀರ್ಮಾನದಲ್ಲಿ ಭಾರತ ತೆಗೆಯುವ ಪರವಾಗಿಯೇ ಮತ ಹಾಕಿತು. ಬಾಗಿಲು ತೆರೆದೇ ಇದೆ, ಒಳಗೆ ಕಾಲಿಡುವವರಿಲ್ಲ.

ಬಾಗಿಲು ತೆರೆದಿದ್ದರೂ ಜನ ಹೊರಗೇ ನರಳಿದ ಉದಾಹರಣೆ ನಮ್ಮಲ್ಲಿದೆ. ತೀವ್ರ ನೋವಿಗೆ ಕೊಡುವ, ಅಫೀಮಿನಿಂದ ತೆಗೆಯುವ ಮಾರ್ಫಿನ್ ವಿಚಾರ. ಅದೇ ಕಾಯ್ದೆ ವೈದ್ಯಕೀಯ ಬಳಕೆಗೆ ಅವಕಾಶ ಕೊಟ್ಟಿದ್ದರೂ, ಹಲವು ಇಲಾಖೆಗಳ ಹಲವು ಪರವಾನಗಿಗಳ ಭಯಕ್ಕೆ ಆಸ್ಪತ್ರೆಗಳು ಅದನ್ನು ತರಿಸುವುದನ್ನೇ ಬಿಟ್ಟವು. ಅಫೀಮು ಬೆಳೆದು ಜಗತ್ತಿಗೆ ಮಾರುವ ದೇಶದಲ್ಲಿ ಕ್ಯಾನ್ಸರ್ ರೋಗಿಗಳು ನೋವಿಗೆ ಮದ್ದಿಲ್ಲದೆ ಸತ್ತರು. ಕೇರಳದ ಉಪಶಾಮಕ ಚಿಕಿತ್ಸೆಯವರೂ ಇತರರೂ ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ತಿದ್ದುಪಡಿ ಬಂತು. ಅಗತ್ಯ ಮಾದಕ ಔಷಧಗಳೆಂಬ ವರ್ಗ ಹುಟ್ಟಿತು, ಹಲವು ಪರವಾನಗಿಗಳ ಜಾಗದಲ್ಲಿ ಒಂದೇ ಪರವಾನಗಿ ಬಂತು. ಹಿಂದಿನ ಸುಮಾರು ಮೂವತ್ತು ವರ್ಷಗಳ ನೋವಿಗೆ ಯಾರೂ ಲೆಕ್ಕ ಕೊಟ್ಟಿಲ್ಲ. ಮಾರ್ಫಿನ್‌ನ ಗುಣ ನೂರಾರು ವರ್ಷಗಳಿಂದ ಸಾಬೀತಾದದ್ದು, ಗಾಂಜಾ ಔಷಧದ್ದು ಇನ್ನೂ ಸಂದೇಹದಲ್ಲಿರುವುದು ಎಂಬ ವ್ಯತ್ಯಾಸ ನನಗೆ ಗೊತ್ತಿದೆ. ಅದಕ್ಕೇ ನಾನು ಔಷಧವನ್ನು ಕೇಳುತ್ತಿಲ್ಲ, ಪರೀಕ್ಷೆಯನ್ನು ಕೇಳುತ್ತಿದ್ದೇನೆ.

ಅಂಥ ಪರೀಕ್ಷೆಗೆ ನಮ್ಮ ರಾಜ್ಯಕ್ಕಿಂತ ತಕ್ಕ ಜಾಗ ದೇಶದಲ್ಲಿ ಹೆಚ್ಚಿಲ್ಲ. ನಿಮ್ಹಾನ್ಸ್ ಇಲ್ಲೇ ಇದೆ. ಅದು ಕೇಂದ್ರದ ಸಂಸ್ಥೆ, ನೀವು ಆದೇಶಿಸುವಂತಿಲ್ಲ, ಸರಿ. ಆದರೆ ಪತ್ರ ಬರೆಯಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೂ ಬರೆಯಬಹುದು, ನಿಮ್ಮ ಪಾಲಿನ ಹಣ ಎತ್ತಿಡಬಹುದು, ಅಬಕಾರಿ ಮತ್ತು ಔಷಧ ನಿಯಂತ್ರಣ ಇಲಾಖೆಗಳ ಕಡತ ಒಂದೇ ಮೇಜಿನ ಮೇಲೆ ಬರುವಂತೆ ನೋಡಿಕೊಳ್ಳಬಹುದು. 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳ ಅಡಿಯಲ್ಲಿ ದೆಹಲಿಯ ಅನುಮತಿ, ನೈತಿಕ ಸಮಿತಿಯ ಒಪ್ಪಿಗೆ, ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಎಲ್ಲವೂ ಆಗಲಿ. ಒಂದನ್ನೂ ಬಿಡುವುದು ಬೇಡ. 18 ದಾಟಿದವರು ಮಾತ್ರ ಇರಲಿ. ವರ್ತನಾ ಚಿಕಿತ್ಸೆಯನ್ನೂ ಮಾತ್ರೆಗಳನ್ನೂ ಪ್ರಯತ್ನಿಸಿ ಸೋತವರು ಮಾತ್ರ. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು ಹೊರಗಿಡಲಿ. ಔಷಧ ತೆಗೆದುಕೊಳ್ಳುವ ಅವಧಿಯಲ್ಲಿ ಬೈಕ್ ಬೇಡ, ಟ್ರ್ಯಾಕ್ಟರ್ ಬೇಡ. ಔಷಧ ಸೋತರೆ ಸೋತಿತೆಂದು ಕನ್ನಡದಲ್ಲಿ ಪ್ರಕಟಿಸಲಿ, ಆ ರೈತನಿಗೆ ತೋರಿಸಲು ನನಗೊಂದು ಕಾಗದವಾದರೂ ಸಿಗುತ್ತದೆ. ಅಂಥ ಅಧ್ಯಯನ ಶುರುವಾದ ದಿನ ನಾನೂ ಸರದಿಯಲ್ಲಿ ನಿಲ್ಲುತ್ತೇನೆ. ನನ್ನ ಪಾಲಿಗೆ ಬರೀ ಎಣ್ಣೆಯ ಸೀಸೆಯೇ ಬಂದರೂ ತಕರಾರಿಲ್ಲ.

ಅದೆಲ್ಲ ಆಗಲು ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಕಾಯದೆ ನಿಮ್ಮ ಕೈಯಿಂದಲೇ ಆಗುವ ಕೆಲಸಗಳಿವೆ, ಇವಕ್ಕೆ ದೆಹಲಿಯೂ ಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನಶ್ಶಾಸ್ತ್ರಜ್ಞರಿಗೆ ಟಿಕ್‌ನ ವರ್ತನಾ ಚಿಕಿತ್ಸೆಯ ತರಬೇತಿ ಕೊಡಿಸಿ. ಜಿಲ್ಲೆಗೆ ಒಬ್ಬರಾದರೂ ಸಾಕು. ಅಭ್ಯಾಸದ ಹಾಳೆಗಳು ಕನ್ನಡದಲ್ಲಿರಲಿ. ಪಾವಗಡದ ಕಡೆಗೆ ತೆಲುಗಿನಲ್ಲೂ ಬೇಕಾಗುತ್ತದೆ. ಬೇಕಿದ್ದರೆ ಕನ್ನಡಕ್ಕೆ ತರುವ ಕೆಲಸವನ್ನು ನಾನು ಸಂಬಳವಿಲ್ಲದೆ ಮಾಡಿಕೊಡುತ್ತೇನೆ. ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಹಲ್ಲು, ಕಣ್ಣು, ರಕ್ತಹೀನತೆ ನೋಡಿ ಹೋಗುತ್ತವೆ. ಟಿಕ್ ಗುರುತಿಸುವುದನ್ನು ಅವರಿಗೆ ಕಲಿಸಲು ಅರ್ಧ ದಿನ ಸಾಕು. ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ. ಟಿಕ್ ಬಗ್ಗೆ ಕೇಳಿದವರನ್ನು ಎಲ್ಲಿಗೆ ಕಳುಹಿಸಬೇಕೆಂಬ ವಿಳಾಸವನ್ನು ಅವರ ಕೈಗೆ ಕೊಡಿ.

ಇನ್ನೊಂದು ಮಾತು ನಿಮ್ಮ ಸಹೋದ್ಯೋಗಿಯಾದ ಶಿಕ್ಷಣ ಸಚಿವರಿಗೆ ಸೇರಿದ್ದು, ನೀವೇ ದಾಟಿಸಿಬಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಟುರೆಟ್ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದ್ದಕ್ಕೆ ರಿಯಾಯಿತಿಯಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಗಂಟಲಿನ ಸದ್ದು ತಡೆಯಲು ಹೆಣಗುತ್ತ ಮೂರು ಗಂಟೆ ಕೂರುವ ಮಗು ಲೆಕ್ಕ ಬಿಡಿಸುವುದೋ ಗಂಟಲು ಕಾಯುವುದೋ? ಅಂಥವರಿಗೆ ಪ್ರತ್ಯೇಕ ಕೋಣೆ ಕೊಡಲು ವೈದ್ಯರ ಒಂದು ಚೀಟಿ ಸಾಕೆಂದು ಸುತ್ತೋಲೆ ಹೊರಡಿಸಿದರೆ ಸರ್ಕಾರದ ಬೊಕ್ಕಸಕ್ಕೆ ಆಗುವ ಖರ್ಚು ಒಂದು ಬೆಂಚು, ಒಬ್ಬ ಮೇಲ್ವಿಚಾರಕ.

ಈ ಪತ್ರದ ಪ್ರತಿಗಳನ್ನು ತುಮಕೂರಿನ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರಿಗೂ ಕಳುಹಿಸಿದ್ದೇನೆ. ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲಿನ ಉತ್ತರ ಬೇಡ. ನಿಮ್ಹಾನ್ಸ್‌ಗೆ ಪತ್ರ ಬರೆಯುತ್ತೀರೋ ಇಲ್ಲವೋ, ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ಯಾವ ವಾರ, ಯಾವ ಕೊಠಡಿಗೆ ಟಿಕ್ ಇರುವ ಮಗುವನ್ನು ಕರೆದುಕೊಂಡು ಹೋಗಬೇಕು, ಇಷ್ಟು ತಿಳಿಸಿ. ಶಾಲೆಯ ಸೂಚನಾ ಫಲಕಕ್ಕೆ ಹಚ್ಚುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪ್ರೌಢಶಾಲಾ ವಿಜ್ಞಾನ ಶಿಕ್ಷಕ
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ